ಅಜ್ಜನ ಸೈಕಲ್, ಮೊಮ್ಮಗನ ಚಾಪರ್

ಹೈದರಾಬಾದ್: ಊರಿನಿಂದ ನೆಂಟರು ಬಂದರೆ ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಒಂದು ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ಚಾರ್ಮಿನಾರ್, ಸಾಲಾರ್ ಜಂಗ್ ವಸ್ತುಸಂಗ್ರಹಾಲಯ, ಗೋಲ್ಕೊಂಡ, ಮಕ್ಕಳಿದ್ದರೆ ನೆಹರೂ ಮೃಗಾಲಯ. ಮೃಗಾಲಯದವರೆಗೆ ಹೋದವರು ಅಲ್ಲೇ ಸಮೀಪ, ಬಹಾದೂರ್‌ಪುರದಲ್ಲಿರುವ ಸುಧಾ ಕಾರ್ಸ್ ಮ್ಯೂಸಿಯಂ ನೋಡದೆ ವಾಪಸಾಗುವುದೇ ಹೆಚ್ಚು. ಇದು ಬೇಸರದ ಸಂಗತಿ. ಹುಲಿ, ಸಿಂಹಗಳನ್ನು ಮೈಸೂರಿನಲ್ಲೂ ನೋಡಬಹುದು. ಬದನೆಕಾಯಿ ಆಕಾರದ ಕಾರು ಮೈಸೂರಿನಲ್ಲಿಲ್ಲ.

ಕನ್ಯಾಬೋಯಿನ ಸುಧಾಕರ್ ಎಂಬ ಹೈದರಾಬಾದಿನ ಹವ್ಯಾಸಿ ಗುಜರಿ ಸಾಮಾನಿನಿಂದ ಕಟ್ಟಿದ ವಾಹನಗಳ ಸಂಗ್ರಹವಿದು. 2010ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕ್ರಿಕೆಟ್ ಬ್ಯಾಟು, ಬರ್ಗರ್, ಕ್ಯಾಮೆರಾ, ಹೆಂಗಸರ ಎತ್ತರ ಹಿಮ್ಮಡಿಯ ಚಪ್ಪಲಿ, ಎಲ್ಲವೂ ಇಲ್ಲಿ ಕಾರಾಗಿವೆ. 2020ರಲ್ಲಿ ಕೊರೊನಾ ವೈರಸ್ ಆಕಾರದ್ದೊಂದು ಸೇರಿತು. ಇವು ಬರಿಯ ಬೊಂಬೆಗಳಲ್ಲ, ಓಡುವ ಬಂಡಿಗಳು ಎಂಬುದೇ ಇದರ ಹೆಚ್ಚುಗಾರಿಕೆ.

ಸುಧಾಕರ್ ಅವರಿಗೆ ಜಗತ್ತಿನ ಮನ್ನಣೆ ತಂದುಕೊಟ್ಟದ್ದು ಮಾತ್ರ ಕಾರಲ್ಲ, ಮೂರು ಗಾಲಿಯ ಸೈಕಲ್. 2005ರ ಜುಲೈ 1ರಂದು ಅವರು ಹೈದರಾಬಾದಿನಲ್ಲಿ ಓಡಿಸಿದ ಆ ಟ್ರೈಸಿಕಲ್‌ನ ಎತ್ತರ 41 ಅಡಿ 7 ಇಂಚು, ಉದ್ದ 37 ಅಡಿ 4 ಇಂಚು, ಗಾಲಿಯ ವ್ಯಾಸವೇ 17 ಅಡಿ. ಮೂರಾಳೆತ್ತರದ ಗಾಲಿ! ಜಗತ್ತಿನ ಅತಿ ದೊಡ್ಡ ಟ್ರೈಸಿಕಲ್ ಎಂದು ಗಿನ್ನೆಸ್ ಪುಸ್ತಕ ಅದನ್ನು ದಾಖಲಿಸಿತು. ಶಾಲಾ ದಿನಗಳಲ್ಲೇ ಗುಜರಿ ಹೆಕ್ಕಿ ಸೈಕಲ್ ಜೋಡಿಸಲು ತೊಡಗಿದ ಹುಡುಗ ಬೆಳೆದು ಮಾಡಿದ ಕೆಲಸವಿದು.

ಮ್ಯೂಸಿಯಂ ನೋಡಿ ಮನೆಗೆ ಬಂದ ಹುಡುಗರ ಕಣ್ಣು ಸಹಜವಾಗಿ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿರುವ ಅಜ್ಜನ ಸೈಕಲ್ಲಿನ ಮೇಲೆ ಬೀಳುತ್ತದೆ. "ಇದನ್ನ ಚಾಪರ್ ಮಾಡೋಣ" ಎನ್ನುತ್ತಾರೆ. ಆಗ ಮನೆಯಲ್ಲಿ ಚರ್ಚೆ ಶುರು.

ಚಾಪರ್ ಎಂದರೇನು? ಎರಡನೇ ಮಹಾಯುದ್ಧದ ನಂತರ ಅಮೆರಿಕದ ಯುವಕರು ಮೋಟಾರ್ ಸೈಕಲ್ಲುಗಳ ಬೇಡದ ಭಾಗಗಳನ್ನು ಕತ್ತರಿಸಿ ಎಸೆದು, ಬರಬರುತ್ತಾ ಮುಂದಿನ ಫೋರ್ಕನ್ನು ಉದ್ದ ಮಾಡಿ, ಹ್ಯಾಂಡಲ್ಲನ್ನು ಎದೆಮಟ್ಟಕ್ಕೆ ಏರಿಸಿದರು. ಕತ್ತರಿಸಿದ್ದು, ಅದಕ್ಕೇ ಚಾಪರ್. 1969ರ 'ಈಸಿ ರೈಡರ್' ಚಿತ್ರ ಅದನ್ನು ಲೋಕಕ್ಕೆಲ್ಲ ತೋರಿಸಿತು. ಮಕ್ಕಳು ಅದಕ್ಕೂ ಮೊದಲೇ ತಮ್ಮ ಸೈಕಲ್ಲುಗಳಲ್ಲಿ ಇದೇ ಕೆಲಸ ಮಾಡುತ್ತಿದ್ದರು. ಕ್ಯಾಲಿಫೋರ್ನಿಯಾದ ಹುಡುಗರು 20 ಇಂಚಿನ ಗಾಲಿಯ ಸೈಕಲ್ಲಿಗೆ ಎತ್ತರದ ಹ್ಯಾಂಡಲ್, ಬಾಳೆಹಣ್ಣಿನಂಥ ಉದ್ದ ಸೀಟು ಹಾಕಿಕೊಂಡು ತಿರುಗುವುದನ್ನು ಕಂಡು ಶ್ವಿನ್ ಕಂಪನಿ 1963ರಲ್ಲಿ 'ಸ್ಟಿಂಗ್ ರೇ' ತಂದಿತು. ಇಂಗ್ಲೆಂಡಿನ ರ‍್ಯಾಲಿ ಕಂಪನಿಯ 'ಚಾಪರ್' 1970ರಲ್ಲಿ ಅಲ್ಲಿನ ಅಂಗಡಿಗಳಿಗೆ ಬಂತು. ಹಿಂದೆ 20 ಇಂಚಿನ ಗಾಲಿ, ಮುಂದೆ 16 ಇಂಚಿನದು, ಕಾರಿನಲ್ಲಿರುವಂತೆ ನಡುವೆ ಗೇರ್ ಹಿಡಿ. ಆ ಸೈಕಲ್ಲಿನ ನೆನಪು ಎಷ್ಟು ಗಟ್ಟಿಯೆಂದರೆ 2023ರಲ್ಲಿ ರ‍್ಯಾಲಿ ಅದನ್ನು ಮತ್ತೆ ಮಾಡಿ ಮಾರಿತು.

ಇನ್ನು ಅಜ್ಜನ ಸೈಕಲ್ಲಿನ ವಿಷಯ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದೇ ರಾಜಧಾನಿ. ಓದಲು, ನೌಕರಿಗೆ, ಕೋರ್ಟು ಕಚೇರಿಗೆ ಇಲ್ಲಿಗೇ ಬರಬೇಕಿತ್ತು. ಬಂದವರು ಕಾಚಿಗುಡದ ಸುತ್ತ ಕೋಣೆ ಹಿಡಿದು, ಸಾಲವೋ ಸೋಲವೋ ಮಾಡಿ ಒಂದು ಸೈಕಲ್ ಕೊಳ್ಳುತ್ತಿದ್ದರು. ವಿಲಾಯಿತಿ ರ‍್ಯಾಲಿ ಕೊಳ್ಳಲು ಎಲ್ಲರಿಂದ ಆಗದು. ಅಂಬತ್ತೂರಿನ ಟಿ.ಐ. ಸೈಕಲ್ಸ್‌ನ ಹರ್ಕ್ಯುಲಿಸ್, ಆಸನ್ಸೋಲ್‌ನ ಸೆನ್-ರ‍್ಯಾಲಿ, ಸೋನಿಪತ್‌ನ ಅಟ್ಲಾಸ್, ಲೂಧಿಯಾನದ ಹೀರೋ, ಹೀಗೆ ಸ್ವದೇಶಿ ಸೈಕಲ್ಲುಗಳು ಒಂದೊಂದಾಗಿ ಬಂದವು. 1951ರಲ್ಲಿ ಹುಟ್ಟಿದ ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅಂದು ವಿಶ್ವ ಸೈಕಲ್ ದಿನ! ಇದಕ್ಕಿಂತ ಕೆಟ್ಟ ಮುಹೂರ್ತ ಸಿಗಲಾರದು.

ಆದ್ದರಿಂದ ಗರಗಸ ಹಿಡಿಯುವ ಮುನ್ನ ಸೈಕಲ್ಲನ್ನು ತೊಳೆದು, ಒರೆಸಿ ನೋಡುವುದು ಒಳ್ಳೆಯದು. ಫ್ರೇಮಿನ ನಂಬರು ಓದಲು ಬರುತ್ತದೆಯೇ? ಮುಂಭಾಗದ ಹಿತ್ತಾಳೆಯ ಲಾಂಛನ ಇದೆಯೇ? ರಾಡ್ ಬ್ರೇಕು, ಚೈನ್ ಕವರ್, ಪುರಸಭೆಯವರು ತೆರಿಗೆ ಕಟ್ಟಿಸಿಕೊಂಡು ಕೊಡುತ್ತಿದ್ದ ಬಿಲ್ಲೆ ಉಳಿದಿವೆಯೇ? ಇವೆಲ್ಲ ಇದ್ದರೆ ಅದನ್ನು ಕತ್ತರಿಸಬಾರದು. ಎಣ್ಣೆ ಹಾಕಿ, ಟೈರು ಬದಲಿಸಿ ಹಾಗೆಯೇ ಓಡಿಸಬೇಕು. ಕತ್ತರಿಸಿದ ಫ್ರೇಮು ಮರಳಿ ಬರುವುದಿಲ್ಲ, ಅದರ ಮೇಲೆ ಕೂತವರೂ ಬರುವುದಿಲ್ಲ. ಬಾಗಿ, ತುಕ್ಕು ಹಿಡಿದು, ಅರ್ಧ ಭಾಗ ಕಳೆದುಹೋದ ಸೈಕಲ್ಲಿಗೆ ಮಾತ್ರ ಚಾಪರ್ ಆಗುವುದು ಒಂದು ಪುನರ್ಜನ್ಮ. ಅಜ್ಜನ ಸೈಕಲ್ ಚೆನ್ನಾಗಿದ್ದರೆ ಅದನ್ನು ಬಿಟ್ಟು, ಹಳೆಯ ಸಾಮಾನಿಗೆ ಹೆಸರಾದ ಜುಮ್ಮೆರಾತ್ ಬಜಾರಿನಲ್ಲೋ ಗುಜರಿ ಅಂಗಡಿಯಲ್ಲೋ ಯಾರದೋ ಅಜ್ಜನ ಅನಾಥ ಫ್ರೇಮು ಹುಡುಕಿದರಾಯಿತು. ಬೇರಿಂಗು, ಪೈಪು, ನಟ್ಟು ಬೋಲ್ಟಿಗೆ ಸಿಕಂದರಾಬಾದಿನ ರಾಣಿಗಂಜ್ ಇದ್ದೇ ಇದೆ.

ಹಳತು ಹೊಸತನ್ನು ಜೋಡಿಸುವಾಗ ಮೊದಲ ಜಗಳ ಗಾಲಿಯಲ್ಲೇ ಬರುತ್ತದೆ. ನಮ್ಮ ಹಳೆಯ 28 ಇಂಚಿನ ಸೈಕಲ್ಲುಗಳ ಹಿಂದಿನ ರಿಮ್ಮಿಗೆ 40 ಕಡ್ಡಿ, ಮುಂದಿನದಕ್ಕೆ 32. ಹೊಸ ಹಬ್ಬುಗಳಲ್ಲಿ ಸಾಮಾನ್ಯವಾಗಿ 32 ಅಥವಾ 36 ರಂಧ್ರ. 40ರ ರಿಮ್ಮಿಗೆ 36ರ ಹಬ್ಬು ಕೂರಿಸಲು ಒದ್ದಾಡುವ ಬದಲು, 32 ರಂಧ್ರದ ಹಳೆಯ ಮುಂದಿನ ರಿಮ್ಮನ್ನೇ 32ರ ಹೊಸ ಹಬ್ಬಿಗೆ ಕಟ್ಟಿ ಹಿಂದಕ್ಕೆ ಹಾಕಬಹುದು. ಕೆಲಸ ಸಲೀಸು. ಆದರೆ ಗೇರಿನ ಹೊಸ ಹಿಂದಿನ ಹಬ್ಬು ಸುಮಾರು 135 ಮಿಲಿಮೀಟರ್ ಅಗಲ, ಹಳೆಯ ಫ್ರೇಮಿನ ಹಿಂದಿನ ಬಾಯಿ ಅದಕ್ಕಿಂತ ಎರಡು ಸೆಂಟಿಮೀಟರಿಗೂ ಹೆಚ್ಚು ಕಿರಿದು. ಉಕ್ಕಿನ ಫ್ರೇಮಾದ್ದರಿಂದ ಕಾಯಿಸದೆಯೇ ಹಿಗ್ಗಿಸಬಹುದು. ಎರಡೂ ಬದಿ ಸಮನಾಗಿ ಹಿಗ್ಗಬೇಕು, ಒಂದೇ ಬದಿ ಎಳೆದರೆ ಗಾಲಿ ಓರೆಯಾಗುತ್ತದೆ. ಇದನ್ನು ಅಲ್ಯೂಮಿನಿಯಂ ಫ್ರೇಮಿನಲ್ಲಿ ಮಾಡಲು ಹೋಗಬಾರದು, ಬಿರುಕು ಬಿಡುತ್ತದೆ.

ಚೈನಿನದು ಇನ್ನೊಂದು ಕಥೆ. ಹಳೆಯ ಚೈನು ಅಗಲ, ಗೇರ್ ಸೈಕಲ್ಲಿನ ಚೈನು ಕಿರಿದು. ಅಗಲದ ಚೈನು ಕಿರಿದಾದ ಹಲ್ಲಿನ ಮೇಲೆ ಓಡುತ್ತದೆ, ಕಿರಿದಾದದ್ದು ಅಗಲದ ಹಲ್ಲಿನ ಮೇಲೆ ಕೂರುವುದೇ ಇಲ್ಲ. ಅತ್ತೆ ಸೊಸೆ ಹೊಂದಾಣಿಕೆ ಎಂದು ಸೈಕಲ್ ರಿಪೇರಿಯವರು ತಮಾಷೆ ಮಾಡಿದರೆ ಆಶ್ಚರ್ಯವಿಲ್ಲ.

ಈಗ ಚಾಪರಿನ ಜೀವಾಳವಾದ ಮುಂದಿನ ಫೋರ್ಕು. ಇಲ್ಲಿ ಒಂದು ಸಣ್ಣ ಲೆಕ್ಕವಿದೆ. 28 ಇಂಚಿನ ಗಾಲಿ ತೆಗೆದು 20ರದ್ದು ಹಾಕಿದರೆ ಅಚ್ಚಿನ ಎತ್ತರ 14ರಿಂದ 10 ಇಂಚಿಗೆ ಇಳಿಯುತ್ತದೆ. ಎಂದರೆ ಫೋರ್ಕು 4 ಇಂಚು ಉದ್ದವಾದಾಗ ಸೈಕಲ್ ಮೊದಲಿದ್ದ ಮಟ್ಟಕ್ಕೆ ಬಂದಂತಾಯಿತು ಅಷ್ಟೆ. ಚಾಪರಿನ ಮಲಗಿದ ನೋಟ ಬರುವುದು ಅದಕ್ಕೂ ಮೇಲೆ ಉದ್ದ ಮಾಡಿದಾಗ. ಮುಂಭಾಗ ಇನ್ನೂ 4 ಇಂಚು ಏರಿದರೆ ಹ್ಯಾಂಡಲ್ಲಿನ ಕೊಳವೆ ಸುಮಾರು 5 ಡಿಗ್ರಿ ಹಿಂದಕ್ಕೆ ವಾಲುತ್ತದೆ, ಪೆಡಲಿನ ಅಚ್ಚು ಒಂದೂವರೆ ಇಂಚು ಮೇಲೇಳುತ್ತದೆ. ನೇರ ರಸ್ತೆಯಲ್ಲಿ ಸೈಕಲ್ ಗಾಂಭೀರ್ಯದಿಂದ ಸಾಗುತ್ತದೆ. ನಿಧಾನಕ್ಕೆ ತಿರುಗಿಸುವಾಗ ಮಾತ್ರ ಗಾಲಿ ತಾನಾಗಿಯೇ ಬದಿಗೆ ಹೊರಳುತ್ತದೆ. ಸುಲ್ತಾನ್ ಬಜಾರಿನ ಸಂದಣಿಗೆ ಹೇಳಿಸಿದ ವಾಹನವಲ್ಲ.

ಎರಡು ಪೈಪು ತಂದು ಹಳೆಯ ಫೋರ್ಕಿನ ಕಾಲುಗಳಿಗೆ ತುರುಕಿ ಬೆಸುಗೆ ಹಾಕುವುದು ಹುಡುಗರು ಕಂಡುಕೊಳ್ಳುವ ಸುಲಭ ದಾರಿ. ಇದೇ ಅಪಾಯ. ಉದ್ದವಾದಷ್ಟೂ ಫೋರ್ಕಿನ ಬುಡದ ಮೇಲೆ ಬೀಳುವ ಹೊರೆ ಹೆಚ್ಚು. ಬೆಸುಗೆ ಬಿಟ್ಟರೆ ಸವಾರ ಮುಖ ಅಡಿಯಾಗಿ ಬೀಳುತ್ತಾನೆ. ಕಾಲುಗಳನ್ನು ಮೇಲಿನವರೆಗೆ ಒಂದೇ ಪೈಪಿನಲ್ಲಿ ಮಾಡಿ, ಹ್ಯಾಂಡಲ್ ಕೊಳವೆಯ ಮೇಲೊಂದು ಕೆಳಗೊಂದು ಗಟ್ಟಿ ಉಕ್ಕಿನ ಪಟ್ಟಿಯಿಂದ ಹಿಡಿಸಬೇಕು. ಹಳೆಯ ಫ್ರೇಮುಗಳ ಕೀಲುಗಳನ್ನು ಹಿತ್ತಾಳೆ ಕರಗಿಸಿ ಜೋಡಿಸಿರುತ್ತಾರೆ. ಕರೆಂಟ್ ವೆಲ್ಡಿಂಗ್‌ನಿಂದ ತೆಳು ಕೊಳವೆ ತೂತಾಗುವುದೇ ಹೆಚ್ಚು. ಗ್ಯಾಸ್ ಇಟ್ಟುಕೊಂಡು ಹಿತ್ತಾಳೆ ಬೆಸುಗೆ ಹಾಕಬಲ್ಲ ಹಳೆಯ ಕೈಗಳನ್ನು ಈಗ ಹುಡುಕಿಕೊಂಡು ಹೋಗಬೇಕು. ಸಿಕ್ಕರೆ ಅವರು ಕೇಳಿದ ಕೂಲಿ ಕೊಡಬೇಕು, ಚೌಕಾಸಿ ಸಲ್ಲ. ಕ್ರೋಮ್ ಅಥವಾ ಸತುವಿನ ಲೇಪವಿರುವ ಭಾಗವನ್ನು ಬೆಸೆಯುವ ಮುನ್ನ ಉಜ್ಜಿ ತೆಗೆಯಲೇಬೇಕು. ಆ ಹೊಗೆ ವಿಷ.

ಬ್ರೇಕಿನ ಮಾತು ಎಲ್ಲರೂ ಕೊನೆಗಿಡುತ್ತಾರೆ, ಮೊದಲು ಆಡಬೇಕಾದ್ದು ಅದೇ. ರಾಡ್ ಬ್ರೇಕು ರಿಮ್ಮಿನ ಒಳಮೈಯನ್ನು ಮೇಲಕ್ಕೆಳೆದು ಒತ್ತುತ್ತದೆ, ಹೊಸ ಬ್ರೇಕು ರಿಮ್ಮನ್ನು ಎರಡೂ ಬದಿಯಿಂದ ಹಿಡಿಯುತ್ತದೆ. ಹಳೆಯ ರಿಮ್ಮಿನ ಬದಿ ದುಂಡಗಿರುವುದರಿಂದ ಹೊಸ ಬ್ರೇಕಿಗೆ ಹಿಡಿತವೇ ಸಿಗದು. ಎತ್ತರದ ಹ್ಯಾಂಡಲ್ಲಿಗೆ ಹಳೆಯ ರಾಡೂ ಮುಟ್ಟದು. ಮುಂದೆ ಹೊಸ 20 ಇಂಚಿನ ಗಾಲಿಗೆ ಉದ್ದ ಕೇಬಲ್ಲಿನ ಹೊಸ ಬ್ರೇಕು, ಹಿಂದೆ ಪೆಡಲನ್ನು ಹಿಮ್ಮುಖ ತುಳಿದರೆ ನಿಲ್ಲುವ ಹಬ್ಬು ಹಾಕಿದರೆ ಸರಿಹೋಗುತ್ತದೆ. ಬ್ಯಾಟರಿ ಮೋಟಾರು ಕೂರಿಸುವ ಆಸೆಯಿದ್ದರೆ 250 ವ್ಯಾಟ್ ಮತ್ತು ಗಂಟೆಗೆ 25 ಕಿ.ಮೀ. ಮಿತಿ ನೆನಪಿರಲಿ. ಅದು ಮೀರಿದರೆ ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನ, ನೋಂದಣಿ, ಲೈಸೆನ್ಸು ಎಲ್ಲ ಬೇಕು.

ಮೊದಲ ಸವಾರಿಗೆ ಖಾಲಿ ಮೈದಾನ ಸಾಕು. ನಾಲ್ಕು ಸುತ್ತು ಹೊಡೆದು ಇಳಿದು, ಪ್ರತಿ ನಟ್ಟನ್ನೂ ಮತ್ತೆ ಬಿಗಿಯಬೇಕು. ಪೆಡಲ್ ಸುತ್ತಿಗೊಮ್ಮೆ ಕಟ್ ಎಂದರೆ ಕಾಟರ್ ಪಿನ್ನು ಸಡಿಲ. ಹೊಸದಾಗಿ ಕಟ್ಟಿದ ಕಡ್ಡಿಗಳು ಮೊದಲ ಕೆಲವು ದಿನ ಸಡಿಲವಾಗುವುದು ಸಹಜ, ಗಾಲಿ ಡೊಂಕಾಗುವ ಮುನ್ನ ಸರಿಮಾಡಿಸಬೇಕು. ನಂತರ ಹೊರವರ್ತುಲ ರಸ್ತೆಯ ಬದಿಯಲ್ಲಿ 2023ರ ಅಕ್ಟೋಬರಿನಲ್ಲಿ ತೆರೆದ, ಸೋಲಾರ್ ಫಲಕಗಳ ನೆರಳಿರುವ 23 ಕಿ.ಮೀ. ಸೈಕಲ್ ಪಥಕ್ಕೆ ಒಯ್ಯಬಹುದು. ಚಾಪರಿಗೆ ಬೇಕಾದ ನೇರ ದಾರಿ ಅಲ್ಲಿದೆ.

ಅಂದ ಹಾಗೆ, ಇಷ್ಟೆಲ್ಲ ಅರ ಹಾಕಿ, ಹಿಗ್ಗಿಸಿ, ಬೆಸೆದು ಮಾಡುವ ಈ ಕೆಲಸದಲ್ಲಿ ಯಾವ ತಕರಾರೂ ಇಲ್ಲದೆ ಕೂರುವ ಹಳೆಯ ಸಾಮಾನು ಒಂದಿದೆ. ಹ್ಯಾಂಡಲ್ಲಿನ ಹಿಡಿಯ ದಪ್ಪ ಅಂದೂ ಇಂದೂ ಮುಕ್ಕಾಲು ಮೇಲೆ ಅರೆಕಾಲು ಇಂಚೇ. ಅಜ್ಜನ ಬೆಲ್ಲನ್ನು ಬಿಚ್ಚಿ, ಒಳಗಿನ ಹಲ್ಲುಚಕ್ರಕ್ಕೆ ಎರಡು ಹನಿ ಎಣ್ಣೆ ಬಿಟ್ಟು ಹಾಗೆಯೇ ಹೊಸ ಹ್ಯಾಂಡಲ್ಲಿಗೆ ಬಿಗಿಯಬಹುದು.