ಯಾವುದು ವಿಷ? ಜಗಳೂರಿನ ತರಗತಿಯಲ್ಲಿ ತಿದ್ದಿಕೊಂಡ ಒಂದು ಪಾಠ

ಬೋಧನಾಭ್ಯಾಸಕ್ಕೆಂದು ಜಗಳೂರು ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ಹೋಗಿದ್ದೆ. ಒಂಬತ್ತನೇ ತರಗತಿಯಲ್ಲಿ ಹಾನಿಕಾರಕ ವಸ್ತುಗಳ ಪಾಠ. ಕಪ್ಪುಹಲಗೆಯ ಮೇಲೆ ‘ವಿಷ’, ‘ವಿಷವಲ್ಲ’ ಎಂದು ಎರಡು ಪಟ್ಟಿ ಮಾಡಿ, ನೀರನ್ನು ಎರಡನೆಯದಕ್ಕೆ ಸೇರಿಸಿದೆ. ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಕೇಳಿದಳು: “ಹಂಗಾದ್ರೆ ನಮ್ಮ ಹಲ್ಲು ಯಾಕೆ ಹಿಂಗಾಗ್ಯಾವೆ ಮಿಸ್?” ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಮರುದಿನ ಪಟ್ಟಿ ಬಿಟ್ಟು, ನಾಲ್ಕು ಪ್ರಶ್ನೆಗಳಿಂದ ಪಾಠ ಆರಂಭಿಸಿದೆ.

ಎಷ್ಟು? ವಸ್ತುವನ್ನು ವಿಷವಾಗಿಸುವುದು ಅದರ ಪ್ರಮಾಣ ಎಂಬುದು 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ಕೊಟ್ಟ ಮೂಲತತ್ವ. ಬಂಡೆಯ ಖನಿಜಗಳಿಂದ ಫ್ಲೋರೈಡ್ ಕರಗಿ ಕೊಳವೆಬಾವಿಯ ನೀರಿಗೆ ಸೇರುತ್ತದೆ. ಅಲ್ಪ ಪ್ರಮಾಣದಲ್ಲಿ ಅದು ಹಲ್ಲು ಹುಳುಕಾಗದಂತೆ ತಡೆಯುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 1 ಮಿ.ಗ್ರಾಂ, ಬೇರೆ ನೀರಿಲ್ಲದಿದ್ದರೆ 1.5 ಮಿ.ಗ್ರಾಂವರೆಗೆ.

ಎಷ್ಟು ಕಾಲ? ಮಿತಿ ಮೀರಿದ ನೀರನ್ನು ಒಂದು ದಿನ ಕುಡಿದರೆ ಏನೂ ಕಾಣದು. ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಂದು ಗೆರೆ ಬೀಳುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಚನ್ನಗಿರಿಯ ಅಡಿಕೆಯೂ ಹೀಗೆಯೇ: ಒಂದು ಹೋಳಿನಿಂದ ಏನೂ ಕಾಣದು, ಬಹುಕಾಲ ಜಗಿದರೆ ಬಾಯಿ ಕ್ಯಾನ್ಸರಿಗೆ ಕಾರಣವಾಗಬಲ್ಲದು.

ಯಾವ ದಾರಿಯಿಂದ? ಹೊನ್ನಾಳಿ, ನ್ಯಾಮತಿಯ ಹೊಲಗಳಲ್ಲಿ ಕೀಟನಾಶಕ ಹೊಡೆಯುವವರಿಗೆ ಅದು ಚರ್ಮ ಮತ್ತು ಉಸಿರಿನ ಮೂಲಕವೂ ದೇಹ ಸೇರುತ್ತದೆ. ಡಬ್ಬಿಯ ಮೇಲಿನ ಗುರುತು ತೀವ್ರತೆಯನ್ನು ಹೇಳುತ್ತದೆ: ಕೆಂಪು ಅತಿ ಹೆಚ್ಚು, ನಂತರ ಹಳದಿ, ನೀಲಿ, ಹಸಿರು.

ಯಾರಿಗೆ? ಇದಕ್ಕೆ ಲೆಕ್ಕ ಮಾಡಿಸಿದೆ. ನೀರಿನಲ್ಲಿ ಲೀಟರಿಗೆ 3 ಮಿ.ಗ್ರಾಂ ಫ್ಲೋರೈಡ್ ಇದೆಯೆಂದು ಭಾವಿಸಿ. ಎರಡು ಲೀಟರ್ ಕುಡಿದರೆ 6 ಮಿ.ಗ್ರಾಂ. 60 ಕಿಲೋ ತೂಕದವರಿಗೆ ಇದು ಕಿಲೋಗೆ 0.1, 30 ಕಿಲೋ ತೂಕದ ಮಗುವಿಗೆ 0.2. ಜೊತೆಗೆ, ಹಲ್ಲಿನ ಎನಾಮಲ್ ರೂಪುಗೊಳ್ಳುವುದು ಬಾಲ್ಯದಲ್ಲೇ. ಕಲೆ ಬೀಳುವುದೂ ಆಗಲೇ.

“ಕಾಸಿ ಕುಡಿದ್ರೆ ಹೋಗ್ತದಾ?” ಎಂದು ಒಬ್ಬ ಕೇಳಿದ. ಹೋಗುವುದಿಲ್ಲ; ನೀರು ಆವಿಯಾದಂತೆ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ. ನೀರನ್ನು ಪರೀಕ್ಷೆ ಮಾಡಿಸಬೇಕು. ಶುದ್ಧೀಕರಿಸಿದ ನೀರನ್ನು ಅಡುಗೆಗೂ ಬಳಸಬೇಕು.

ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು: ಯಾವ ಮಗುವಿನ ಹಲ್ಲನ್ನೂ ಪಾಠೋಪಕರಣ ಮಾಡಬೇಡಿ. ಈ ಕಲೆ ಹಲ್ಲುಜ್ಜದ್ದರಿಂದ ಬಂದದ್ದಲ್ಲ, ನೀರಿನಿಂದ ಬಂದದ್ದು ಎಂದು ಇಡೀ ತರಗತಿಗೆ ಹೇಳಿ. ನಾನು ಹಾಗೆ ಹೇಳಿದ ದಿನ, ಆ ಹುಡುಗಿ ಲೆಕ್ಕದ ಉತ್ತರವನ್ನು ಬಾಯಿಗೆ ಕೈ ಅಡ್ಡ ಹಿಡಿಯದೆ ಓದಿದಳು.