ಬಂದೂಕು ಸವೆಯೋದು ಎಲ್ಲಿ?

ನನ್ನದು ಬೆಳೆ ಕಾಯೋ ಲೈಸೆನ್ಸಿನ ಒಂಟಿ ನಳಿಗೆ ಬಂದೂಕು. ಶೇಂಗಾ ಹೊಲಕ್ಕೆ ಹಂದಿ ನುಗ್ಗಿದರೆ ಬೆದರಿಸಲು ಒಂದು ಈಡು ಹೊಡೀತೇನೆ. ಕಳೆದ ಸುಗ್ಗಿಯಲ್ಲಿ ಎರಡು ಸಲ ಕುದುರೆ ‘ಟಕ್’ ಅಂತ ಬಿತ್ತು, ತೋಟಾ ಹಾರಲಿಲ್ಲ. ನಾನು ಕೂಡಲೇ ಬಂದೂಕು ಮಡಚಿ ತೋಟಾ ತೆಗೆದೆ. ಪೇಟೆಯ ರಿಪೇರಿಯವರು ಇದನ್ನು ಕೇಳಿ ಬೈದರು. ಕೆಲವು ತೋಟಾ ತಡವಾಗಿ ಹಾರುತ್ತವಂತೆ. ನಳಿಗೆಯನ್ನು ಯಾರೂ ಇಲ್ಲದ ಕಡೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ನನ್ನ ಮುಖ ಉಳಿದದ್ದು ಪುಣ್ಯ.

ಅವರ ಮೇಜಿನ ಮೇಲೆ ಒಂದು ಡಬಲ್ ಆಕ್ಷನ್ ರಿವಾಲ್ವರ್ ಬಿಚ್ಚಿಟ್ಟಿತ್ತು. ಅದರಲ್ಲಿ ಟ್ರಿಗರ್ ಒಂದನ್ನೇ ಎಳೆದರೆ ಎರಡು ಕೆಲಸ ಆಗುತ್ತೆ. ಕುದುರೆ ಹಿಂದಕ್ಕೆ ಹೋಗುತ್ತೆ, ಜೊತೆಗೆ ಸೈಕಲ್ ಫ್ರೀವೀಲಿನಲ್ಲಿರುವಂಥ ಪುಟ್ಟ ಹಲ್ಲೊಂದು ಆರು ತೂತಿನ ಉರುಳೆಯನ್ನು ಒಂದು ಮನೆ ತಿರುಗಿಸುತ್ತೆ. ಕೆಳಗಿನಿಂದ ಒಂದು ಚಿಲಕ ಎದ್ದು ಉರುಳೆಯ ಗಾಡಿಗೆ ಬಿದ್ದು ತಡೆಯುತ್ತೆ. ಆಮೇಲೆ ಕುದುರೆ ಬೀಳುತ್ತೆ.

ಮೊದಲು ಸವೆಯೋದು ಈ ಹಲ್ಲು, ಚಿಲಕ, ಗಾಡಿ. ರಭಸವಾಗಿ ಟ್ರಿಗರ್ ಎಳೆದಷ್ಟೂ ತಿರುಗೋ ಉರುಳೆ ಚಿಲಕಕ್ಕೆ ಜೋರಾಗಿ ಬಡಿಯುತ್ತೆ. ಬಂಡಿಯನ್ನು ಇಳಿಜಾರಿನಲ್ಲಿ ಓಡಿಸಿ ಥಟ್ಟನೆ ಕಲ್ಲು ಕೊಟ್ಟ ಹಾಗೆ. ಸವೆದ ಮೇಲೆ ತೂತು ನಳಿಗೆಗೆ ಸರಿಯಾಗಿ ಎದುರಾಗೋಲ್ಲ. ಗುಂಡು ಅಂಚಿಗೆ ಉಜ್ಜಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತೆ. ಸಿನಿಮಾದಲ್ಲಿ ಮಾಡುವಂತೆ ಪಕ್ಕಕ್ಕೆ ತೆರೆಯೋ ಉರುಳೆಯನ್ನು ಮಣಿಕಟ್ಟು ಕುಣಿಸಿ ಮುಚ್ಚಿದರೆ ಅದರ ತೋಳು ಬಾಗುತ್ತೆ.

ನಮ್ಮ ಒಂಟಿ ನಳಿಗೆಯಲ್ಲಿ ಉರುಳೆಯ ತಾಪತ್ರಯ ಇಲ್ಲ, ಅದಕ್ಕೇ ಬಾಳಿಕೆ ಜಾಸ್ತಿ. ಆದರೆ ನಾನೇ ಅದನ್ನು ಕೆಡಿಸಿದ್ದೆ! ಸರಿಯಿದೆಯಾ ನೋಡೋಣ ಅಂತ ದಿನಾ ಸಂಜೆ ಖಾಲಿ ಕುದುರೆ ಬಡಿಸ್ತಿದ್ದೆ. ತೋಟಾದ ಆಸರೆ ಇಲ್ಲದೆ ಬಡಿದೂ ಬಡಿದೂ ಸೂಜಿಯ ತುದಿ ಮುರಿದಿತ್ತು. ಸೂಜಿ ಬದಲಿಸಿದರು. ಖಾಲಿ ಬಡಿಸಲೇಬೇಕು ಅಂದರೆ ಒಳಗೆ ಡಮ್ಮಿ ತೋಟಾ ಹಾಕಬೇಕಂತೆ.

ನಳಿಗೆಯನ್ನು ಜೋರಾಗಿ ಬಡಿದು ಮುಚ್ಚಿದರೆ ಮಡಚೋ ಕೀಲೂ ಸಡಿಲವಾಗುತ್ತೆ. ಬಂದೂಕು ಖಾಲಿ ಅಂತ ಎರಡು ಸಲ ನೋಡಿ, ಮುಚ್ಚಿ, ಬೆಳಕಿಗೆ ಅಡ್ಡ ಹಿಡಿಯಿರಿ. ನಳಿಗೆಯ ಹಿಂಬದಿಯಲ್ಲಿ ಬೆಳಕು ಕಂಡರೆ, ನಳಿಗೆ ಅಲ್ಲಾಡಿದರೆ ಹಾರಿಸಬೇಡಿ. ಊರ ಕಮ್ಮಾರರ ಹತ್ತಿರ ಒಯ್ಯುವಂತಿಲ್ಲ. 1959ರ ಆಯುಧ ಕಾಯಿದೆ ಪ್ರಕಾರ ರಿಪೇರಿಗೂ ಲೈಸೆನ್ಸ್ ಬೇಕು.

ಚುನಾವಣೆಗೆ ಠಾಣೆಯಲ್ಲಿ ಇಟ್ಟ ಬಂದೂಕು ನನಗೆ ಒಮ್ಮೆ ತುಕ್ಕು ಹಿಡಿದು ವಾಪಸ್ ಬಂದಿತ್ತು. ಈಗ ನಳಿಗೆಗೆ ಒಳಗೂ ಹೊರಗೂ ತೆಳುವಾಗಿ ಎಣ್ಣೆ ಸವರಿಯೇ ಕೊಡ್ತೇನೆ.