ಅಪ್ಪನ ‘ಸಂಬಳ’ ಕಮ್ಮಿಯಾದ ತಿಂಗಳು

‘ಏನಪ್ಪಾ, ಈ ತಿಂಗಳು ಸಂಬಳ ಕಮ್ಮಿ ಬಂದೈತಲ್ಲ?’

2020ರ ಏಪ್ರಿಲ್‌ನಲ್ಲಿ ದಾವಣಗೆರೆಯಿಂದ ಅಪ್ಪ ಫೋನ್ ಮಾಡಿ ಕೇಳಿದ್ದು ಇಷ್ಟೇ. ನಾನು ಪುಣೆಯ ಹಿಂಜೆವಾಡಿಯ ಫ್ಲ್ಯಾಟಿನಲ್ಲಿ ಲಾಕ್‌ಡೌನ್‌ಗೆ ಸಿಕ್ಕಿಕೊಂಡು ಕೂತಿದ್ದೆ. ಅಪ್ಪ ನಿವೃತ್ತರಾಗಿ ಐದು ತಿಂಗಳಾಗಿತ್ತು. ಅವರು ‘ಸಂಬಳ’ ಎಂದದ್ದು ನಾನೇ ಆರಿಸಿಕೊಟ್ಟಿದ್ದ ಹೈಬ್ರಿಡ್ ಮ್ಯೂಚುವಲ್ ಫಂಡ್‌ನಿಂದ ತಿಂಗಳು ತಿಂಗಳು ಬರುತ್ತಿದ್ದ ಡಿವಿಡೆಂಡ್‌ಗೆ. ಪ್ರತಿ ತಿಂಗಳು 9 ಸಾವಿರ ಬರುತ್ತಿದ್ದದ್ದು ಆ ತಿಂಗಳು 6 ಸಾವಿರಕ್ಕೆ ಇಳಿದಿತ್ತು.

ಅಪ್ಪ ಖಾಸಗಿ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ದುಡಿದವರು. ಸರ್ಕಾರಿ ನೌಕರರಂತೆ ಪಿಂಚಣಿ ಇಲ್ಲ. ಭವಿಷ್ಯ ನಿಧಿಯ ಪಿಂಚಣಿ ಯೋಜನೆಯಿಂದ ಬರುವುದು ತಿಂಗಳಿಗೆ 3 ಸಾವಿರ ಚಿಲ್ಲರೆ. ಪಿಎಫ್, ಗ್ರಾಚ್ಯುಯಿಟಿ ಸೇರಿ ಕೈಗೆ ಬಂದದ್ದು 28 ಲಕ್ಷ. ‘15 ಲಕ್ಷ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕ್ತೀನಿ’ ಎಂದು ಅವರು ಆಗಲೇ ಹೇಳಿದ್ದರು. ಆಗ ಅದರ ಬಡ್ಡಿ ಶೇ 8.6. ನಾನು ನಕ್ಕಿದ್ದೆ. ಎಂ.ಟೆಕ್ ಓದಿದ ಮಗ, ಎಕ್ಸೆಲ್ ಶೀಟ್ ತೆರೆದು, ‘ಪೋಸ್ಟ್ ಆಫೀಸು ಹಳೇ ಕಾಲದ್ದು, ಹಣದುಬ್ಬರ ಅದನ್ನ ತಿಂದು ಹಾಕುತ್ತೆ’ ಎಂದು ಪಾಠ ಮಾಡಿದ್ದೆ. 12 ಲಕ್ಷ ಆ ಹೈಬ್ರಿಡ್ ಫಂಡ್‌ಗೆ ಹೋಯಿತು. ಉಳಿದ 16 ಲಕ್ಷವನ್ನೂ ನಿಧಾನವಾಗಿ ಅಲ್ಲಿಗೇ ಸಾಗಿಸುವ ಯೋಜನೆ ಹಾಕಿ, ಸದ್ಯಕ್ಕೆ ಲಿಕ್ವಿಡ್ ಫಂಡ್‌ನಲ್ಲಿ ಇಟ್ಟಿದ್ದೆ.

2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,934 ಅಂಶ, ಅಂದರೆ ಶೇ 13ರಷ್ಟು ಕುಸಿಯಿತು. ಅಪ್ಪನ 12 ಲಕ್ಷ ಸುಮಾರು 9 ಲಕ್ಷವಾಗಿತ್ತು. ಅವರು ಕೇಳಿದ್ದು ಸಂಬಳದ ಬಗ್ಗೆ ಮಾತ್ರ. ಅಸಲು ಕರಗಿದ್ದನ್ನು ಹೇಳಲು ನನಗೆ ಎರಡು ದಿನ ಬೇಕಾಯಿತು.

ಅದು ಯಾರ ದುಡ್ಡು?

ಆ ಎರಡು ದಿನ ಕೂತು, ಮೊದಲೇ ಓದಬೇಕಾಗಿದ್ದ ಕಾಗದಪತ್ರಗಳನ್ನು ಓದಿದೆ. ಫಂಡ್ ಕೊಡುವ ಡಿವಿಡೆಂಡ್ ಬ್ಯಾಂಕ್ ಬಡ್ಡಿಯಂತೆ ಮೇಲಿಂದ ಬರುವ ಹಣ ಅಲ್ಲ. ಯೂನಿಟ್‌ಗೆ 1 ರೂಪಾಯಿ ಹಂಚಿದರೆ ಯೂನಿಟ್‌ನ ಬೆಲೆ, ಅಂದರೆ ಎನ್‌ಎವಿ, ಅಷ್ಟೇ ಇಳಿಯುತ್ತದೆ. ಎಡಗಿಸೆಯಿಂದ ತೆಗೆದು ಬಲಗಿಸೆಗೆ ಹಾಕಿದ ಹಾಗೆ. ಮಾರುಕಟ್ಟೆ ಏರುತ್ತಿರುವಾಗ ಎಡಗಿಸೆ ಮತ್ತೆ ತುಂಬುತ್ತಿರುತ್ತದೆ, ಆದ್ದರಿಂದ ಗೊತ್ತಾಗುವುದಿಲ್ಲ. ಇಳಿಯುವಾಗ ಗೊತ್ತಾಗುತ್ತದೆ.

ಲೆಕ್ಕ ಸರಳ. 12 ಲಕ್ಷದಲ್ಲಿ ತಿಂಗಳಿಗೆ 9 ಸಾವಿರ ತೆಗೆದರೆ ವರ್ಷಕ್ಕೆ ಶೇ 9. ಅದೇ ಹಣ 9 ಲಕ್ಷಕ್ಕಿಳಿದಾಗಲೂ 9 ಸಾವಿರವನ್ನೇ ತೆಗೆದರೆ ಶೇ 12. ಬಿದ್ದ ಬೆಲೆಯಲ್ಲಿ ಹೆಚ್ಚು ಯೂನಿಟ್ ಮಾರಿದಂತೆ. ಶೇ 25 ಕಳೆದುಕೊಂಡ ಹಣ ಮೊದಲಿನ ಮಟ್ಟಕ್ಕೆ ಬರಲು ಶೇ 33 ಏರಬೇಕು. ನಡುವೆ ನಾವು ತಿನ್ನುತ್ತಾ ಹೋದರೆ ಇನ್ನೂ ಹೆಚ್ಚು. ಡಿವಿಡೆಂಡ್ ಬದಲು ಎಸ್‌ಡಬ್ಲ್ಯುಪಿ ಮೂಲಕ ಪ್ರತಿ ತಿಂಗಳು ನಿಗದಿತ ಮೊತ್ತ ಹಿಂಪಡೆದರೂ ಕಥೆ ಇದೇ.

ಸೆಬಿ ಕೂಡ ಈ ಗೊಂದಲವನ್ನು ಗುರುತಿಸಿತು. 2021ರ ಏಪ್ರಿಲ್ 1ರಿಂದ ಫಂಡ್‌ಗಳ ‘ಡಿವಿಡೆಂಡ್’ ಆಯ್ಕೆಗೆ ಐಡಿಸಿಡಬ್ಲ್ಯು ಎಂದು ಹೆಸರು ಬದಲಾಯಿತು. ಅರ್ಥ: ಆದಾಯ ಹಂಚಿಕೆ ಮತ್ತು ಬಂಡವಾಳ ವಾಪಸಾತಿ. ಬರುವ ದುಡ್ಡಿನಲ್ಲಿ ನಿಮ್ಮ ಅಸಲೂ ಇರಬಹುದು ಎಂದು ಹೆಸರೇ ಹೇಳುತ್ತದೆ. ಜತೆಗೆ 2020ರ ಏಪ್ರಿಲ್‌ನಿಂದ ಈ ಹಣ ನಮ್ಮ ಆದಾಯಕ್ಕೆ ಸೇರಿ, ನಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆಗೆ ಒಳಪಡುತ್ತದೆ.

ಸಾಲ ತೆಗೆದುಕೊಂಡವರು ಯಾರು?

ಷೇರು ಬೇಡ, ಸಾಲಪತ್ರಗಳ ಫಂಡ್‌ಗೆ ಎಲ್ಲವನ್ನೂ ಸಾಗಿಸೋಣ ಎಂದುಕೊಳ್ಳುವಷ್ಟರಲ್ಲಿ, 2020ರ ಏಪ್ರಿಲ್ 23ರಂದು ಫ್ರ್ಯಾಂಕ್ಲಿನ್ ಟೆಂಪಲ್ಟನ್ ತನ್ನ ಆರು ಡೆಟ್ ಯೋಜನೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ನಮ್ಮ ಹಣ ಅಲ್ಲಿರಲಿಲ್ಲ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಹೂಡಿಕೆದಾರರಿಗೆ ಮುಂದೆ ಕಂತುಕಂತಾಗಿ ಹಣ ವಾಪಸ್ ಬಂತು ನಿಜ. ಆದರೆ ಆಸ್ಪತ್ರೆಯ ಬಿಲ್ಲು ಕಂತಿಗಾಗಿ ಕಾಯುವುದಿಲ್ಲ.

ಅಲ್ಲಿಂದ ಕಲಿತದ್ದು ಎರಡು. ಒಂದು, ಡೆಟ್ ಫಂಡ್ ಬೇರೆಯವುಗಳಿಗಿಂತ ಶೇ 2 ಹೆಚ್ಚು ಕೊಡುತ್ತದೆ ಎಂದರೆ, ಅದು ಹೆಚ್ಚು ಬಡ್ಡಿ ಕೊಟ್ಟಾದರೂ ಸಾಲ ಪಡೆಯಬೇಕಾದ ಕಂಪನಿಗಳಿಗೆ ಹಣ ಕೊಟ್ಟಿದೆ ಎಂದೇ ಅರ್ಥ. ಕುಸಿತದ ಕಾಲದಲ್ಲಿ ಮೊದಲು ತತ್ತರಿಸುವವರು ಅವರೇ. ಎರಡು, ಸರ್ಕಾರಿ ಬಾಂಡ್‌ಗಳನ್ನೇ ಹಿಡಿದ ಫಂಡ್ ಕೂಡ ಏರಿಳಿತಕ್ಕೆ ಹೊರತಲ್ಲ. ಫಂಡ್‌ನ ವಿವರಪಟ್ಟಿಯಲ್ಲಿ ‘ಮಾಡಿಫೈಡ್ ಡ್ಯುರೇಶನ್’ 5 ಎಂದಿದ್ದರೆ, ಬಡ್ಡಿದರ ಶೇ 1ರಷ್ಟು ಏರಿದಾಗ ಬೆಲೆ ಸುಮಾರು ಶೇ 5 ಇಳಿಯುತ್ತದೆ. 2022ರ ಮೇನಿಂದ 2023ರ ಫೆಬ್ರವರಿವರೆಗೆ ರಿಸರ್ವ್ ಬ್ಯಾಂಕ್ ರಿಪೋ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿದಾಗ ದೀರ್ಘಾವಧಿ ಫಂಡ್ ಹಿಡಿದವರು ಇದನ್ನು ಅನುಭವಿಸಿದರು. ಎರಡು ವರ್ಷದಲ್ಲಿ ಬೇಕಾಗುವ ಹಣವನ್ನು ಹತ್ತು ವರ್ಷದ ಬಾಂಡ್ ಫಂಡ್‌ನಲ್ಲಿ ಇಡಬಾರದು.

ಪೋಸ್ಟ್ ಆಫೀಸಿನ ದಾರಿ

ಕೊನೆಗೆ ನಾವು ಮಾಡಿದ್ದು ಇಷ್ಟು. ಹೈಬ್ರಿಡ್ ಫಂಡ್ ಮಾರಲಿಲ್ಲ, ಆದರೆ ಡಿವಿಡೆಂಡ್ ಆಯ್ಕೆ ಬಿಟ್ಟು ಗ್ರೋತ್‌ಗೆ ಬದಲಿಸಿದೆವು. ಲಿಕ್ವಿಡ್ ಫಂಡ್‌ನಲ್ಲಿದ್ದ 16 ಲಕ್ಷ ಉಳಿದಿತ್ತು. ಅದು ನನ್ನ ಜಾಣತನವಲ್ಲ, ಸಾಗಿಸಲು ಸಮಯ ಸಿಗದ ಅದೃಷ್ಟ. ಜೂನ್‌ನಲ್ಲಿ ಅಪ್ಪ ಮಾಸ್ಕ್ ಹಾಕಿಕೊಂಡು ಪೋಸ್ಟ್ ಆಫೀಸಿಗೆ ಹೋಗಿ, ಆಗಿನ ಗರಿಷ್ಠ ಮಿತಿಯಾದ 15 ಲಕ್ಷವನ್ನು ಹಿರಿಯ ನಾಗರಿಕರ ಯೋಜನೆಗೆ ಹಾಕಿದರು.

ಅಷ್ಟರಲ್ಲಿ ಬಡ್ಡಿ ಬದಲಾಗಿತ್ತು. ಏಪ್ರಿಲ್ 1ರಿಂದ ಶೇ 8.6 ಇದ್ದದ್ದು 7.4. ಈ ಯೋಜನೆಯಲ್ಲಿ ಹಣ ಇಟ್ಟ ದಿನದ ದರವೇ ಐದು ವರ್ಷ ನಡೆಯುತ್ತದೆ. ಮೂರು ತಿಂಗಳಿಗೊಮ್ಮೆ 32,250 ಬರಬೇಕಾಗಿದ್ದಲ್ಲಿ 27,750 ಬಂತು. ವರ್ಷಕ್ಕೆ 18 ಸಾವಿರ, ಐದು ವರ್ಷಕ್ಕೆ 90 ಸಾವಿರ. ನನ್ನ ನಗುವಿನ ಬೆಲೆ ಅದು.

ಮನೆ ಖರ್ಚು, ಅಮ್ಮನ ಸಕ್ಕರೆ ಕಾಯಿಲೆಯ ಔಷಧಿ ಸೇರಿ ತಿಂಗಳಿಗೆ 22 ಸಾವಿರ ಬೇಕು. ಬಡ್ಡಿ, ಪಿಂಚಣಿ ಸೇರಿ ಬರುತ್ತಿದ್ದದ್ದು 12 ಸಾವಿರ. ಉಳಿದದ್ದನ್ನು ನಾನು ಕಳಿಸತೊಡಗಿದೆ. ಮಗನ ಮುಂದೆ ಕೈ ಚಾಚಬಾರದು ಎಂದೇ ಅಪ್ಪ ‘ಸಂಬಳ’ ಬಯಸಿದ್ದು. ಮುಂದಿನ ದೀಪಾವಳಿಗೆ ಊರಿಗೆ ಹೋದಾಗ ಅವರ ಡೈರಿ ನೋಡಿದೆ. ನಾನು ಕಳಿಸಿದ ಪ್ರತಿ ಮೊತ್ತದ ಮುಂದೆ ‘ಕೈಗಡ’ ಎಂದು ಬರೆದಿತ್ತು.

2021ರ ಹೊತ್ತಿಗೆ ಹೈಬ್ರಿಡ್ ಫಂಡ್ 12 ಲಕ್ಷದ ಗಡಿ ಮತ್ತೆ ದಾಟಿತು. 2023ರ ಏಪ್ರಿಲ್‌ನಲ್ಲಿ ಹಿರಿಯ ನಾಗರಿಕರ ಯೋಜನೆಯ ಮಿತಿ 30 ಲಕ್ಷಕ್ಕೆ, ಬಡ್ಡಿ ಶೇ 8.2ಕ್ಕೆ ಏರಿದಾಗ, ಅದರಿಂದ 6 ಲಕ್ಷ ತೆಗೆದು ಇನ್ನೊಂದು ಖಾತೆ ತೆರೆದೆವು. ಈ ಯೋಜನೆಗೂ ಮಿತಿಗಳಿವೆ. ಬಡ್ಡಿಗೆ ತೆರಿಗೆ ಇದೆ. ಮೊದಲ ವರ್ಷದೊಳಗೆ ಖಾತೆ ಮುಚ್ಚಿದರೆ ಬಡ್ಡಿ ಸಿಗುವುದಿಲ್ಲ, ಆಮೇಲೂ ಅಸಲಿನಲ್ಲಿ ಕಡಿತ ಉಂಟು. ಬಡ್ಡಿ ಐದು ವರ್ಷ ಒಂದೇ ಇರುವುದರಿಂದ ಬೆಲೆ ಏರಿಕೆಗೆ ಉತ್ತರ ಅದರಲ್ಲಿಲ್ಲ. ಅದಕ್ಕೇ ಹೈಬ್ರಿಡ್ ಫಂಡ್‌ನಲ್ಲಿ ಉಳಿದ ಹಣ ಮುಟ್ಟಿಲ್ಲ.

ನಮ್ಮಂತೆ ಹೊರಗಿದ್ದು ಊರಿನ ಹಿರಿಯರ ಹಣ ನೋಡಿಕೊಳ್ಳುವವರಿಗೆ ನನ್ನ ಅನುಭವದಿಂದ ಹೇಳುವುದಾದರೆ, ಫಂಡ್ ಹುಡುಕುವ ಮೊದಲು ಮನೆಯ ತಿಂಗಳ ಖರ್ಚು ಬರೆಯಿರಿ. ಖಚಿತ ಆದಾಯ ಕಳೆದು ಎಷ್ಟು ಕೊರತೆ ಎಂದು ನೋಡಿ. ಎರಡು–ಮೂರು ವರ್ಷದ ಆ ಕೊರತೆಯ ಹಣ ಷೇರುಪೇಟೆಯ ನೆರಳೂ ಬೀಳದ ಕಡೆ ಇರಲಿ. ಅದಾದ ಮೇಲಷ್ಟೇ ಉಳಿದ ಮಾತು. ಮೂವತ್ತರ ಆಸುಪಾಸಿನ ನಮಗಾದರೋ, ಸಂಬಳ ಬರುತ್ತಿರುವಾಗ ಕುಸಿತಕ್ಕೆ ಹೆದರಿ ‘ಮಾಸಿಕ ಆದಾಯ’ದ ಫಂಡ್ ಹುಡುಕುವ ಅಗತ್ಯವೇ ಇಲ್ಲ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿದ್ದರೆ ಸಾಕು.

2024ರ ಸೆಪ್ಟೆಂಬರ್‌ನಲ್ಲಿ 86 ಸಾವಿರದ ಸಮೀಪ ಹೋಗಿದ್ದ ಸೆನ್ಸೆಕ್ಸ್ 2025ರ ಮಾರ್ಚ್ ಆರಂಭಕ್ಕೆ 73 ಸಾವಿರದ ಆಸುಪಾಸಿಗೆ ಇಳಿದಾಗ, ಅಪ್ಪನ ಫೋನಿಗಾಗಿ ಕಾದೆ. ಬಂತು. ಜೂನ್‌ನಲ್ಲಿ ಖಾತೆ ಮುಗಿಯುತ್ತದಲ್ಲ, ಮತ್ತೆ ಹಾಕಲು ಯಾವ ಫಾರ್ಮ್ ಬೇಕು ಎಂದು ಕೇಳಿದರು. ಷೇರುಪೇಟೆಯ ಸುದ್ದಿಯೇ ಬರಲಿಲ್ಲ. ಜೂನ್‌ನಲ್ಲಿ ಅದೇ 15 ಲಕ್ಷ ಶೇ 8.2ಕ್ಕೆ ಹೋಯಿತು. ಮೂರು ತಿಂಗಳಿಗೆ 30,750.

ಈ ಸಲ ನಾನು ಎಕ್ಸೆಲ್ ಶೀಟ್ ತೆರೆಯಲಿಲ್ಲ. ಫಾರ್ಮ್ ತುಂಬಲು ಮಾತ್ರ ನೆರವಾದೆ.